ಖಾಯಿ, ಲಗಾಯಿ, ಪೇಟಿ, ಖೋಖಾ: ಬೆಟ್ಟಿಂಗ್ ಭಾಷೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಐಪಿಎಲ್ ಶುರುವಾದ ವಾರದಿಂದಲೇ ಪೊಲೀಸ್ ಪ್ರಕಟಣೆಗಳು ಒಂದೇ ಅಚ್ಚಿನಲ್ಲಿ ಬರತೊಡಗುತ್ತವೆ: ಇಷ್ಟು ಮಂದಿ ಬಂಧನ, ಇಷ್ಟು ಮೊಬೈಲ್, ಇಷ್ಟು ನಗದು ವಶ. ಸುದ್ದಿಮನೆಯಲ್ಲಿ ಅವುಗಳನ್ನು ತಿದ್ದುತ್ತಿದ್ದ ಕಾಲದಲ್ಲಿ ‘ಖಾಯಿ’ ಎಂಬುದನ್ನು ಅಚ್ಚಿನ ತಪ್ಪೆಂದು ಭಾವಿಸಿ ‘ಖಾಲಿ’ ಎಂದು ತಿದ್ದಿ ಪುಟಕ್ಕೆ ಕಳುಹಿಸಿದ ಪುಣ್ಯಾತ್ಮ ನಾನೇ. ಮರುದಿನ ಅಪರಾಧ ವರದಿಗಾರ ನಕ್ಕ ನಗು ಇನ್ನೂ ಕಿವಿಯಲ್ಲಿದೆ. ಅಂದಿನಿಂದ ಈ ಪದಗಳ ಬೆನ್ನು ಬಿದ್ದೆ. ಹೇಗೆ ಆಡಬೇಕೆಂದು ಕೇಳುವವರಿಗೆ ಇಲ್ಲಿ ಏನೂ ಸಿಗುವುದಿಲ್ಲ. ಪದವನ್ನು ಬಿಡಿಸುವಾಗ ನಾನು ಹುಡುಕುವುದು ಒಂದನ್ನೇ: ಅದರೊಳಗೆ ಬುಕ್ಕಿಯ ಪಾಲು ಎಲ್ಲಿ ಅಡಗಿದೆ?

ಪಂಥ, ಪಣ, ಬಾಜಿ, ಜೂಜು, ಬೆಟ್ಟಿಂಗ್: ಎಲ್ಲವೂ ಒಂದೆಯೇ?

ಅಲ್ಲ. ಪಣ ಎಂದರೆ ಒಡ್ಡಿದ ವಸ್ತು. ಪಂಥದಲ್ಲಿ ವಸ್ತುವಿಗಿಂತ ಮಾತು ದೊಡ್ಡದು. ಸೋತರೆ ಮೀಸೆ ಬೋಳಿಸುತ್ತೇನೆ ಎನ್ನುವವನು ಪಂಥ ಕಟ್ಟಿದವನು. ಬಾಜಿ ಪಾರಸಿಯಿಂದ ಬಂದದ್ದು, ಅಲ್ಲಿ ಅದಕ್ಕೆ ಆಟ ಎಂದಷ್ಟೇ ಅರ್ಥ. ಜೂಜು ಸಂಸ್ಕೃತದ ದ್ಯೂತದ ಕಡೆಯ ನೆಂಟ. ಹಳಗನ್ನಡದಲ್ಲಿ ಪಗಡೆಯಾಟಕ್ಕೆ ನೆತ್ತ ಎಂಬ ಚೆಂದದ ಪದವಿತ್ತು, ಅದನ್ನು ನಾವು ಕಳೆದುಕೊಂಡೆವು.

ಚುನಾವಣಾ ಫಲಿತಾಂಶದ ಹೊತ್ತಿಗೆ ಮಂಡ್ಯ, ಚಾಮರಾಜನಗರದ ಕಡೆಯ ಹಳ್ಳಿಗಳಿಂದ ಬರುವ ಸುದ್ದಿ ಗಮನಿಸಿ. ಕುರಿ, ಬೈಕು, ಟ್ರ್ಯಾಕ್ಟರ್, ಕೆಲವೊಮ್ಮೆ ಜಮೀನನ್ನೇ ಪಣಕ್ಕೆ ಒಡ್ಡಿದ ಸುದ್ದಿಗಳವು. ಅಲ್ಲಿ ಇಬ್ಬರೇ ಇರುತ್ತಾರೆ. ಒಬ್ಬನು ಕಳೆದುಕೊಂಡಷ್ಟೂ ಇನ್ನೊಬ್ಬನ ಮನೆ ಸೇರುತ್ತದೆ. ಬೆಟ್ಟಿಂಗ್‌ನಲ್ಲಿ ಮೂರನೆಯವನೊಬ್ಬನು ನಡುವೆ ಕುಳಿತಿರುತ್ತಾನೆ. ಕೆಳಗಿನ ಪದಗಳಲ್ಲಿ ಹೆಚ್ಚಿನವು ಆ ಮೂರನೆಯವನ ಸಲುವಾಗಿ ಹುಟ್ಟಿದವು.

ಬುಕ್ಕಿ ಮತ್ತು ಪಂಟರ್ ಯಾರು?

ಹಣ ಕಟ್ಟುವವನು ಪಂಟರ್. ಕಟ್ಟಿಸಿಕೊಂಡು ಲೆಕ್ಕ ಬರೆಯುವವನು ಬುಕ್‌ಮೇಕರ್, ಬಾಯಲ್ಲಿ ಬುಕ್ಕಿ. ಯಾರು, ಯಾವುದರ ಮೇಲೆ, ಎಷ್ಟು ಕಟ್ಟಿದರೆಂಬ ದಾಖಲೆಯೇ ‘ಬುಕ್’. ಯಾರು ಗೆದ್ದರೂ ತನಗೆ ನಷ್ಟವಾಗದ ಹಾಗೆ ಅದನ್ನು ತೂಗಿಸುವುದು ಅವನ ಕಸುಬು. ಪಂದ್ಯವನ್ನು ಊಹಿಸುವ ಚಪಲ ಒಳ್ಳೆಯ ಬುಕ್ಕಿಗೆ ಇರುವುದಿಲ್ಲ.

ಒಂದು ತಂಡದ ಮೇಲೆ ಹಣ ವಿಪರೀತವಾಗಿ ಬಂದರೆ ಅವನು ಅದರ ಒಂದು ಭಾಗವನ್ನು ದೊಡ್ಡ ಬುಕ್ಕಿಯ ಬಳಿ ಮತ್ತೆ ಕಟ್ಟಿ ಭಾರ ಇಳಿಸಿಕೊಳ್ಳುತ್ತಾನೆ. ಅದಕ್ಕೆ ‘ಕಟಿಂಗ್’ ಎನ್ನುತ್ತಾರೆ. ಚಹಾದಂಗಡಿಯ ಕಟಿಂಗ್‌ಗೂ ಇದಕ್ಕೂ ಸಂಬಂಧವಿಲ್ಲ.

ಕುದುರೆ ರೇಸಿನ ಅಂಗಳದಲ್ಲಿ ಪರವಾನಗಿ ಪಡೆದು ಕೂರುವ ಬುಕ್‌ಮೇಕರ್ ಬೇರೆ, ಬಾಡಿಗೆ ಮನೆಯಲ್ಲಿ ಹತ್ತು ಮೊಬೈಲ್ ಹರಡಿಕೊಂಡು ಕೂರುವ ಬುಕ್ಕಿ ಬೇರೆ. ಪತ್ರಿಕೆಗಳು ಇಬ್ಬರಿಗೂ ಒಂದೇ ಪದ ಬಳಸುವುದು ನನಗೆ ಸರಿ ಕಾಣುವುದಿಲ್ಲ.

‘ಭಾವ್ 40–42’ ಎಂದರೇನು? ಖಾಯಿ, ಲಗಾಯಿ ಎಂದರೆ?

ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಸ್ವಲ್ಪ ಸಾವಕಾಶವಾಗಿ ನೋಡೋಣ.

ಭಾವ್ ಎಂದರೆ ದರ. ನಮ್ಮಲ್ಲಿ ಕ್ರಿಕೆಟ್ ದರವನ್ನು ಪೈಸೆಯಲ್ಲಿ ಹೇಳುತ್ತಾರೆ, ಅದೂ ಗೆಲ್ಲುವ ಸಾಧ್ಯತೆ ಹೆಚ್ಚಿರುವ ‘ಫೇವರಿಟ್’ ತಂಡದ ದರವನ್ನು ಮಾತ್ರ. ಯಾವಾಗಲೂ ಎರಡು ಸಂಖ್ಯೆ ಇರುತ್ತವೆ. ಹಿಂದಿಯ ‘ಲಗಾನಾ’ ಎಂದರೆ ಹಚ್ಚುವುದು. ಆ ತಂಡ ಗೆಲ್ಲುತ್ತದೆ ಎಂದು ಹಣ ಹಚ್ಚಿದರೆ ಅದು ಲಗಾಯಿ, ಅದಕ್ಕೆ ಸಣ್ಣ ಸಂಖ್ಯೆ. ‘ಖಾನಾ’ ಎಂದರೆ ತಿನ್ನುವುದು. ಆ ತಂಡ ಗೆಲ್ಲುವುದಿಲ್ಲ ಎಂದು ಎದುರು ನಿಂತರೆ ಅದು ಖಾಯಿ, ಅದಕ್ಕೆ ದೊಡ್ಡ ಸಂಖ್ಯೆ.

ಭಾವ್ 40–42 ಇರುವಾಗ ಒಬ್ಬನು ಸಾವಿರ ರೂಪಾಯಿ ಲಗಾಯಿ ಮಾಡಿದನೆನ್ನಿ. ತಂಡ ಗೆದ್ದರೆ ಅವನಿಗೆ 400 ರೂಪಾಯಿ ಲಾಭ, ಸೋತರೆ ಸಾವಿರ ನಷ್ಟ. ಇನ್ನೊಬ್ಬನು ಅದೇ ಬುಕ್ಕಿಯ ಬಳಿ ಸಾವಿರ ಖಾಯಿ ಮಾಡಿದ. ತಂಡ ಸೋತರೆ ಅವನಿಗೆ ಸಾವಿರ ಬರುತ್ತದೆ, ಗೆದ್ದರೆ 420 ಕೊಡಬೇಕು.

ಈಗ ಬುಕ್ಕಿಯ ಜಾಗದಲ್ಲಿ ನಿಂತು ನೋಡಿ. ತಂಡ ಸೋತಿತು: ಒಬ್ಬನಿಂದ ಬಂದ ಸಾವಿರ ಇನ್ನೊಬ್ಬನಿಗೆ ಹೋಯಿತು, ಕೈ ಸಮ. ತಂಡ ಗೆದ್ದಿತು: 420 ಬಂತು, 400 ಹೋಯಿತು, 20 ರೂಪಾಯಿ ಉಳಿಯಿತು. ಸೋಲುವ ದಾರಿಯೇ ಅವನಿಗಿಲ್ಲ. ‘ಬರೀ ಎರಡು ಪೈಸೆ ವ್ಯತ್ಯಾಸ’ ಎಂದು ಪಂಟರ್ ಉಪೇಕ್ಷಿಸುವ ಆ ಸಂದಿನಲ್ಲೇ ಅಂಗಡಿ ನಡೆಯುತ್ತದೆ. ಚೆಂಡು ಚೆಂಡಿಗೂ ಭಾವ್ ಬದಲಾಗುತ್ತದೆ, ಸಂದು ಮಾತ್ರ ಮುಚ್ಚುವುದಿಲ್ಲ.

ಸೆಷನ್, ಫ್ಯಾನ್ಸಿ, ಲಂಬಿ?

ಪಂದ್ಯದ ಫಲಿತಾಂಶವನ್ನು ಬಿಟ್ಟು ಉಳಿದದ್ದರ ಮೇಲೆ ಕಟ್ಟುವ ಬಾಜಿಗಳಿವು. ಮೊದಲ ಆರು ಅಥವಾ ಹತ್ತು ಓವರಿಗೆ ಎಷ್ಟು ಓಟ ಎಂಬುದು ಸೆಷನ್. ಇಡೀ ಇನಿಂಗ್ಸ್‌ನ ಮೊತ್ತದ ಮೇಲಿನದು ಲಂಬಿ, ಉದ್ದನೆಯದು. ಮುಂದಿನ ವಿಕೆಟ್ ಯಾವಾಗ, ಇಂಥ ಆಟಗಾರನದು ಎಷ್ಟು ಓಟ ಎಂಬ ಚಿಲ್ಲರೆ ಬಾಬತ್ತುಗಳಿಗೆ ಒಟ್ಟಾರೆ ಫ್ಯಾನ್ಸಿ.

ಸೆಷನ್ 46–48 ಎಂದು ಹೇಳಿದರೆ, ‘ಯೆಸ್’ ಎಂದವನು ಗೆಲ್ಲಲು 48 ಅಥವಾ ಹೆಚ್ಚು ಬೇಕು. ‘ನಾಟ್’ ಎಂದವನು ಗೆಲ್ಲಲು 45 ಅಥವಾ ಕಡಿಮೆ ಬೇಕು. ಮೊತ್ತ 46 ಅಥವಾ 47ಕ್ಕೆ ನಿಂತರೆ ಇಬ್ಬರೂ ಸೋಲುತ್ತಾರೆ. ಗೆದ್ದವರು ಯಾರೆಂದು ನೀವೇ ಹೇಳಿ.

ಪೇಟಿ, ಖೋಖಾ ಎಂದರೆ ಎಷ್ಟು?

ಪೇಟಿ ಒಂದು ಲಕ್ಷ, ಖೋಖಾ ಒಂದು ಕೋಟಿ. ಎರಡೂ ಮುಂಬೈ ಕಡೆಯಿಂದ ಬಂದವು, ಎರಡಕ್ಕೂ ಮೂಲದಲ್ಲಿ ಪೆಟ್ಟಿಗೆ ಎಂಬಂಥ ಅರ್ಥವೇ. ಫೋನ್ ಕದ್ದು ಕೇಳುವವರಿಗೆ ಅರ್ಥವಾಗಬಾರದೆಂದು ಶುರುವಾದ ಗುಟ್ಟಿನ ಪದಗಳು ಈಗ ಎಲ್ಲರಿಗೂ ಗೊತ್ತು. ಆದರೂ ಉಳಿದಿವೆ, ಏಕೆಂದರೆ ಅವುಗಳಿಗೆ ಇನ್ನೊಂದು ಕೆಲಸವಿದೆ. ‘ಎರಡು ಪೇಟಿ ಹೋಯಿತು’ ಎನ್ನುವಾಗ ನಾಲಿಗೆ ತಡವರಿಸುವುದಿಲ್ಲ. ‘ಎರಡು ಲಕ್ಷ ರೂಪಾಯಿ ಕಳೆದೆ’ ಎಂದು ಹೇಳಿ ನೋಡಿ.

ಈ ಚಾಳಿ ನಮ್ಮದು ಮಾತ್ರವಲ್ಲ. ಲಂಡನ್ನಿನಲ್ಲಿ 25 ಪೌಂಡಿಗೆ ಪೋನಿ, 500 ಪೌಂಡಿಗೆ ಮಂಕಿ. ಹಿಂದೆ ಭಾರತದ 500 ರೂಪಾಯಿ ನೋಟಿನಲ್ಲಿ ಕೋತಿಯ ಚಿತ್ರವಿತ್ತು, ಇಲ್ಲಿಂದ ಮರಳಿದ ಸಿಪಾಯಿಗಳು ಆ ಪದವನ್ನು ಒಯ್ದರು ಎಂಬ ಕಥೆ ಅಲ್ಲಿ ಬಹಳ ಪ್ರಚಲಿತ. ಕಥೆ ಸೊಗಸಾಗಿದೆ, ನಿಜವಲ್ಲ. ಭಾರತದಲ್ಲಿ ಸರ್ಕಾರಿ ನೋಟುಗಳು ಬಂದದ್ದು 1861ರಲ್ಲಿ. ಪೋನಿ, ಮಂಕಿ ಎರಡೂ ಅದಕ್ಕಿಂತ ಮೊದಲೇ ಅಲ್ಲಿನ ಜೂಜುಕೋರರ ಬಾಯಲ್ಲಿದ್ದವು.

‘500ಕ್ಕೆ 1’ ಎಂಬ ದರವನ್ನು ಹೇಗೆ ಓದಬೇಕು?

ಒಂದು ಕಟ್ಟಿದರೆ, ಗೆದ್ದಾಗ ಐನೂರು ಲಾಭ. ಕ್ರಿಕೆಟ್‌ನಲ್ಲಿ ಇದರ ಖ್ಯಾತ ಉದಾಹರಣೆ 1981ರ ಜುಲೈ ತಿಂಗಳ ಹೆಡಿಂಗ್ಲೆ ಟೆಸ್ಟ್. ಫಾಲೋ ಆನ್‌ಗೆ ಸಿಲುಕಿದ್ದ ಇಂಗ್ಲೆಂಡ್ ಗೆಲುವಿಗೆ ಮೈದಾನದಲ್ಲೇ 500ಕ್ಕೆ 1 ದರ ಹಚ್ಚಿದ್ದರು. ಎರಡನೇ ಇನಿಂಗ್ಸ್‌ನಲ್ಲಿ ಒಂದು ಹಂತದಲ್ಲಿ ತಂಡ 7 ವಿಕೆಟ್‌ಗೆ 135. ಇನಿಂಗ್ಸ್ ಸೋಲು ತಪ್ಪಿಸಿಕೊಳ್ಳಲೇ ಇನ್ನೂ 92 ಓಟ ಬೇಕಿತ್ತು. ಆಸ್ಟ್ರೇಲಿಯಾದ ಡೆನಿಸ್ ಲಿಲ್ಲಿ 10 ಪೌಂಡ್, ರಾಡ್ ಮಾರ್ಷ್ 5 ಪೌಂಡ್ ಕಟ್ಟಿದರು, ತಮ್ಮ ಎದುರಾಳಿಯ ಮೇಲೆ! ಬಾಥಮ್ ಅಜೇಯ 149 ಹೊಡೆದರು, ಬಾಬ್ ವಿಲ್ಲಿಸ್ 43 ಓಟ ಕೊಟ್ಟು 8 ವಿಕೆಟ್ ಕಿತ್ತರು, ಇಂಗ್ಲೆಂಡ್ 18 ಓಟಗಳಿಂದ ಗೆದ್ದಿತು. ಲಿಲ್ಲಿ, ಮಾರ್ಷ್ ಕೈಗೆ ಒಟ್ಟು 7,500 ಪೌಂಡ್ ಬಂತು. ಅವರು ಬೇಕೆಂದೇ ಸೋತರೆಂದು ಯಾರೂ ಗಂಭೀರವಾಗಿ ಆರೋಪಿಸಲಿಲ್ಲ. ಇಂದು ಹೀಗೆ ಮಾಡಿದ ಆಟಗಾರನ ಕ್ರೀಡಾಜೀವನ ಅಲ್ಲಿಗೇ ಮುಗಿಯುತ್ತದೆ. 2015–16ರಲ್ಲಿ ಇಂಗ್ಲಿಷ್ ಪ್ರೀಮಿಯರ್ ಲೀಗ್ ಗೆದ್ದ ಲೆಸ್ಟರ್ ಸಿಟಿಗೆ ಋತುವಿನ ಮೊದಲು ಇದ್ದ ದರ 5,000ಕ್ಕೆ 1.

ಇಂಥ ಕಥೆಗಳನ್ನು ಬುಕ್‌ಮೇಕರ್‌ಗಳೇ ಅತಿ ಹೆಚ್ಚು ಪ್ರಚಾರ ಮಾಡುತ್ತಾರೆ ಎಂಬುದನ್ನು ನೆನಪಿಡಿ.

ಅಮೆರಿಕದವರು ಹೇಳುವ ‘ಮೈನಸ್ 110’ ಏನು? ‘ವಿಗ್’ ಏನು?

ಲಾಭವಾಗಿ 100 ಡಾಲರ್ ಪಡೆಯಲು 110 ಕಟ್ಟಬೇಕು ಎಂದರ್ಥ. ಸಮಬಲದ ಎರಡು ತಂಡಗಳಿಗೂ ಇದೇ ದರ ಇರುತ್ತದೆ. ಎರಡೂ ಕಡೆ ಒಬ್ಬೊಬ್ಬರು 110 ಕಟ್ಟಿದರೆ ಬುಕ್ಕಿಯ ಬಳಿ 220 ಸೇರಿತು; ಗೆದ್ದವನಿಗೆ ಅವನು ಹಿಂತಿರುಗಿಸುವುದು 210. ಉಳಿದ ಹತ್ತಕ್ಕೆ ವಿಗ್ ಅಥವಾ ಜ್ಯೂಸ್ ಎಂದು ಹೆಸರು. ವಿಗ್ ರಷ್ಯನ್ ಮೂಲದಿಂದ ಯಹೂದಿಗಳ ಯಿಡ್ಡಿಶ್ ಭಾಷೆಯ ಮೂಲಕ ಬಂದ ಪದ, ಮೂಲದಲ್ಲಿ ಗೆದ್ದ ಹಣ ಎಂದೇ ಅರ್ಥ. ಗೆಲ್ಲುವವನು ಯಾರೆಂದು ಆ ಪದಕ್ಕೇ ಗೊತ್ತಿತ್ತು.

ಈ ದರದಲ್ಲಿ ಕೈ ಸುಟ್ಟುಕೊಳ್ಳದೆ ಇರಲು ನೂರರಲ್ಲಿ 52ಕ್ಕಿಂತ ಹೆಚ್ಚು ಸಲ ಗೆಲ್ಲಬೇಕು. ನಾಣ್ಯ ಚಿಮ್ಮಿದಷ್ಟೇ ಜಾಣತನ ಇರುವವನು ನಿಧಾನವಾಗಿ, ಖಚಿತವಾಗಿ ಕರಗುತ್ತಾನೆ.

ಫೇವರಿಟ್ ತಂಡಕ್ಕೆ ಅಲ್ಲಿ ‘ಚಾಕ್’ ಎನ್ನುತ್ತಾರೆ; ಹಲಗೆಯ ಮೇಲೆ ಸೀಮೆಸುಣ್ಣದಿಂದ ದರ ಬರೆಯುತ್ತಿದ್ದ ಕಾಲದ ಉಳಿಕೆ. ಲೆಕ್ಕ ಬಲ್ಲ ಪಂಟರ್ ‘ಶಾರ್ಪ್’, ಅಭಿಮಾನದಿಂದ ಕಟ್ಟುವವನು ‘ಸ್ಕ್ವೇರ್’. ಪ್ರತಿ ವರ್ಷ ‘ಈ ಸಲ ಕಪ್ ನಮ್ಮದೇ’ ಎಂದು ನಂಬುತ್ತಾ ಬಂದ ನಮ್ಮೂರಿನವರನ್ನು ಯಾವ ಪಟ್ಟಿಗೆ ಸೇರಿಸುತ್ತಿದ್ದರೋ!

ನಮ್ಮ ರೇಸ್‌ಕೋರ್ಸ್‌ಗಳಲ್ಲಿ ಕೇಳುವ ಟೋಟ್, ಟನಾಲಾ, ಜಾಕ್‌ಪಾಟ್ ಇತ್ಯಾದಿ?

ಟೋಟ್ ಎಂದರೆ ಟೋಟಲೈಸೇಟರ್. ಎಲ್ಲರ ಹಣವೂ ಒಂದೇ ರಾಶಿಗೆ ಸೇರಿ, ಕ್ಲಬ್ಬಿನ ಪಾಲು ಮತ್ತು ತೆರಿಗೆ ಕಳೆದು, ಉಳಿದದ್ದು ಗೆದ್ದವರಿಗೆ ಹಂಚಿಕೆಯಾಗುತ್ತದೆ. ಆ ಪಾಲಿಗೆ ಡಿವಿಡೆಂಡ್ ಎನ್ನುತ್ತಾರೆ. ಷೇರು ಪೇಟೆಯ ಪದ ಇಲ್ಲಿಯೂ ನಡೆಯುತ್ತದೆ. ಬುಕ್‌ಮೇಕರ್ ಬಳಿ ಕಟ್ಟುವಾಗಲೇ ದರ ನಿಗದಿ. ಟೋಟ್‌ನಲ್ಲಿ ಓಟ ಮುಗಿದ ಮೇಲೆ ಲೆಕ್ಕ. ಈ ಕೂಡು–ಭಾಗಾಕಾರವನ್ನು ಯಂತ್ರವೇ ಮಾಡುವ ವ್ಯವಸ್ಥೆ ಮೊದಲು ಬಂದದ್ದು 1913ರಲ್ಲಿ, ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ. ಅದನ್ನು ರೂಪಿಸಿದವರು ಎಂಜಿನಿಯರ್ ಜಾರ್ಜ್ ಜೂಲಿಯಸ್.

ವಿನ್ ಎಂದರೆ ಮೊದಲ ಕುದುರೆ, ಪ್ಲೇಸ್ ಎಂದರೆ ಮೊದಲ ಕೆಲವು ಸ್ಥಾನಗಳಲ್ಲಿ ಒಂದು. ಮೊದಲ ಎರಡು ಕುದುರೆಗಳನ್ನು ಹಿಂದುಮುಂದಾದರೂ ಹೇಳಿದರೆ ಕ್ವಿನೆಲ್ಲಾ, ಕ್ರಮವಾಗಿಯೇ ಹೇಳಬೇಕಾದರೆ ಫೋರ್‌ಕಾಸ್ಟ್. ಮೊದಲ ಮೂರನ್ನು ಕ್ರಮವಾಗಿ ಹೇಳುವುದು ಟನಾಲಾ. ಸತತ ಐದು ರೇಸುಗಳ ವಿಜೇತ ಕುದುರೆಗಳನ್ನು ಹೇಳುವುದು ಜಾಕ್‌ಪಾಟ್.

ತೆರಿಗೆಯ ಮಾತೂ ಬೇಕು. 2023ರ ಅಕ್ಟೋಬರ್ 1ರಿಂದ ಕಟ್ಟಿದ ಪೂರ್ಣ ಮೊತ್ತದ ಮೇಲೆ ಶೇ 28 ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ 40. ಇಲ್ಲಿ ಮೂರನೆಯವನ ಪಕ್ಕದಲ್ಲಿ ನಾಲ್ಕನೆಯವನೂ ಕುಳಿತಿದ್ದಾನೆ.

‘ಕಪ್ಪು ಕುದುರೆ’ ರೇಸಿನಿಂದ ಬಂದದ್ದೇ?

ಹೌದು. ಇಂಗ್ಲೆಂಡಿನ ರೇಸಿನಲ್ಲಿ, ಹಿಂದಿನ ಸಾಧನೆ ಯಾರಿಗೂ ಗೊತ್ತಿಲ್ಲದ ಕುದುರೆಗೆ ಡಾರ್ಕ್ ಹಾರ್ಸ್ ಎನ್ನುತ್ತಿದ್ದರು. ಮೈಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ, ಕತ್ತಲಲ್ಲಿ ಇದ್ದದ್ದು ಅದರ ಚರಿತ್ರೆ. ನಾವು ಬಣ್ಣ ಬಳಿದು ಕಪ್ಪು ಕುದುರೆ ಮಾಡಿದೆವು. ಸಚಿವ ಸ್ಥಾನದ ‘ರೇಸ್’, ಅಭ್ಯರ್ಥಿಗಳ ‘ನೆಕ್ ಟು ನೆಕ್’ ಪೈಪೋಟಿ, ‘ಫೋಟೋ ಫಿನಿಶ್’ ಫಲಿತಾಂಶ: ವಿಧಾನಸೌಧದ ವರದಿಗಾರಿಕೆ ರೇಸ್‌ಕೋರ್ಸ್ ರಸ್ತೆಗೆ ಎಷ್ಟು ಸಾಲ ತೀರಿಸಬೇಕೋ! ಎರಡಕ್ಕೂ ನಡುವಿನ ದೂರ ಹೇಗೂ ಹೆಚ್ಚಿಲ್ಲ.

ಕೈಸನ್ನೆಯ ಭಾಷೆ ಎಂಬುದೊಂದು ಇತ್ತಂತೆ?

ಇತ್ತು, ಬ್ರಿಟನ್ನಿನಲ್ಲಿ. ಅದರ ಹೆಸರು ಟಿಕ್ ಟ್ಯಾಕ್. ಬಿಳಿ ಕೈಗವಸು ತೊಟ್ಟವರು ಎತ್ತರದ ಜಾಗದಲ್ಲಿ ನಿಂತು ರೇಸ್ ಮೈದಾನದ ಒಂದು ತುದಿಯಿಂದ ಇನ್ನೊಂದು ತುದಿಯ ಬುಕ್‌ಮೇಕರ್‌ಗೆ ದರ ಮುಟ್ಟಿಸುತ್ತಿದ್ದರು. ಕಿವಿ ಮುಟ್ಟಿದರೆ 6ಕ್ಕೆ 4, ಭುಜ ಮುಟ್ಟಿದರೆ 7ಕ್ಕೆ 4. ಮಾತಿನಲ್ಲಿ ಸಂಖ್ಯೆಗಳನ್ನು ತಿರುಗುಮುರುಗು ಮಾಡುತ್ತಿದ್ದರು: ಟೆನ್ ಎಂಬುದು ನೆಟ್, ಸೆವೆನ್ ಎಂಬುದು ನೆವೆಸ್. ಬೇಸಿಗೆ ರಜೆಯಲ್ಲಿ ನಾವು ಆಡುತ್ತಿದ್ದ ‘ಕ’ ಭಾಷೆಯ ದೊಡ್ಡವರ ರೂಪ. ಮೊಬೈಲ್ ಬಂದ ಮೇಲೆ ಆ ಬಿಳಿ ಕೈಗಳು ಇಳಿದವು.

ಮ್ಯಾಚ್ ಫಿಕ್ಸಿಂಗ್ ಮತ್ತು ಸ್ಪಾಟ್ ಫಿಕ್ಸಿಂಗ್ ಬೇರೆ ಬೇರೆಯೇ?

ಫಲಿತಾಂಶವನ್ನೇ ಮೊದಲು ಮಾರುವುದು ಮ್ಯಾಚ್ ಫಿಕ್ಸಿಂಗ್. 2000ದ ಏಪ್ರಿಲ್‌ನಲ್ಲಿ ದೆಹಲಿ ಪೊಲೀಸರು ಬಯಲಿಗೆ ತಂದ, ದಕ್ಷಿಣ ಆಫ್ರಿಕಾ ತಂಡದ ನಾಯಕ ಹ್ಯಾನ್ಸಿ ಕ್ರೊನಿಯೆ ಪ್ರಕರಣದ ನಂತರ ಆ ಪದ ಹಳ್ಳಿಯ ಕಟ್ಟೆಗೂ ತಲುಪಿತು. ಪಂದ್ಯದ ಸಣ್ಣ ತುಣುಕನ್ನು ಮಾತ್ರ ಮಾರುವುದು ಸ್ಪಾಟ್ ಫಿಕ್ಸಿಂಗ್. 2010ರ ಲಾರ್ಡ್ಸ್ ಟೆಸ್ಟ್‌ನಲ್ಲಿ ಪಾಕಿಸ್ತಾನದ ಬೌಲರ್‌ಗಳು ಹೇಳಿ ಎಸೆದ ಮೂರು ನೋಬಾಲ್‌ಗಳು ಇದಕ್ಕೆ ಪಠ್ಯದಂಥ ಉದಾಹರಣೆ. ಇಬ್ಬರು ಬೌಲರ್‌ಗಳಿಗೂ ನಾಯಕನಿಗೂ 2011ರಲ್ಲಿ ಲಂಡನ್ ನ್ಯಾಯಾಲಯ ಶಿಕ್ಷೆ ವಿಧಿಸಿತು. ಸೆಷನ್, ಫ್ಯಾನ್ಸಿಗಳ ಮಾರುಕಟ್ಟೆ ಇಲ್ಲದಿದ್ದರೆ ಒಂದು ನೋಬಾಲ್‌ಗೆ ಬೆಲೆಯೇ ಇರುತ್ತಿರಲಿಲ್ಲ.

ನಮ್ಮ ಮನೆಯ ಕಥೆಯೂ ಇದೆ. 2019ರಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಕರ್ನಾಟಕ ಪ್ರೀಮಿಯರ್ ಲೀಗ್‌ನ ಫಿಕ್ಸಿಂಗ್ ಆರೋಪದ ತನಿಖೆ ನಡೆಸಿ ಆಟಗಾರರನ್ನೂ ಬಂಧಿಸಿದರು. 2022ರ ಜನವರಿಯಲ್ಲಿ ಹೈಕೋರ್ಟ್, ಪಂದ್ಯ ಫಿಕ್ಸಿಂಗ್ ಐಪಿಸಿ 420ನೇ ಸೆಕ್ಷನ್‌ನ ವಂಚನೆಯ ವ್ಯಾಪ್ತಿಗೆ ಬರುವುದಿಲ್ಲ, ಶಿಸ್ತುಕ್ರಮದ ಅಧಿಕಾರ ಬಿಸಿಸಿಐಗೆ ಇದೆ ಎಂದಿತು. ಟಿಕೆಟ್ ಕೊಂಡು ಬಿಸಿಲಲ್ಲಿ ಕೂತ ಪ್ರೇಕ್ಷಕನಿಗೆ ಆದದ್ದಕ್ಕೆ ಕಾನೂನಿನಲ್ಲಿ ಯಾವ ಹೆಸರು ಎಂಬ ಪ್ರಶ್ನೆ ನನ್ನಲ್ಲಿ ಹಾಗೆಯೇ ಉಳಿದಿದೆ.

ಪಿಚ್ ಸೈಡಿಂಗ್?

ನಿಮ್ಮ ಟಿವಿಯಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುತ್ತಾನೆ, ಪಕ್ಕದ ಮನೆಯಲ್ಲಿ ಆಗಲೇ ‘ಔಟ್!’ ಎಂಬ ಕೂಗು. ಪ್ರಸಾರದ ಆ ಕೆಲವು ಸೆಕೆಂಡುಗಳ ಅಂತರವೇ ಬಂಡವಾಳ. ಮೈದಾನದಲ್ಲಿ ಕುಳಿತವನು ಚೆಂಡಿನ ಗತಿಯನ್ನು ಫೋನಿನಲ್ಲಿ ತಿಳಿಸುತ್ತಾನೆ, ಭಾವ್ ಬದಲಾಗುವ ಮೊದಲೇ ಇನ್ನೊಬ್ಬನು ಕಟ್ಟುತ್ತಾನೆ. ಬುಕ್ಕಿಗೆ ಮೋಸ ಮಾಡುವ ಅಪರೂಪದ ವಿದ್ಯೆಗಳಲ್ಲಿ ಇದೂ ಒಂದು.

ಪೊಲೀಸ್ ಸುದ್ದಿಯ ‘ಓಸಿ’ ಕೂಡ ಕ್ರೀಡಾ ಬೆಟ್ಟಿಂಗೇ?

ಅಲ್ಲ, ಅದು ಮಟ್ಕಾ. ಓಪನ್, ಕ್ಲೋಸ್ ಎಂಬೆರಡು ಅಂಕಿಗಳ ಮೊದಲಕ್ಷರ ಸೇರಿ ಓಸಿ ಆಯಿತು. ಮುಂಬೈಯಲ್ಲಿ ನ್ಯೂಯಾರ್ಕ್ ಹತ್ತಿ ದರದ ಅಂಕಿಗಳ ಮೇಲೆ ಕಟ್ಟುತ್ತಿದ್ದ ಬಾಜಿ ಅದರ ಮೂಲ. ‘ಒಂದು ರೂಪಾಯಿಗೆ 80 ರೂಪಾಯಿ ಕೊಡುವುದಾಗಿ ಕೂಗುತ್ತಾ’ ಎಂಬ ಸಾಲು ಪ್ರಕಟಣೆಗಳಲ್ಲಿ ಪದೇ ಪದೇ ಬರುತ್ತದೆ. ಎರಡಂಕಿಯ ಸಂಖ್ಯೆಗಳು ನೂರು, ಕೊಡುವುದು ಎಂಬತ್ತು.

ಕಾನೂನು ಏನು ಹೇಳುತ್ತದೆ?

ರಾಜ್ಯದಲ್ಲಿ ಜೂಜಿನ ಪ್ರಕರಣಗಳು ಕರ್ನಾಟಕ ಪೊಲೀಸ್ ಕಾಯ್ದೆ 1963ರ ಅಡಿ ದಾಖಲಾಗುತ್ತವೆ. ಕುದುರೆ ರೇಸ್ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದ್ದರಿಂದ ಅದರ ದಾರಿ ಬೇರೆ. ಆನ್‌ಲೈನ್ ಆಟಗಳನ್ನು ನಿಷೇಧಿಸಿ ರಾಜ್ಯ 2021ರಲ್ಲಿ ತಂದ ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಪಡಿಸಿತು. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಒಪ್ಪಿಗೆ ನೀಡಿತು. ಅಂಥ ಆಟ ಒದಗಿಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ. 2018ರಲ್ಲಿ ಕಾನೂನು ಆಯೋಗ ತನ್ನ 276ನೇ ವರದಿಯಲ್ಲಿ ನಿಯಂತ್ರಣದ ದಾರಿಯನ್ನೂ ಚರ್ಚಿಸಿತ್ತು. ದೇಶ ಹಿಡಿದದ್ದು ಇನ್ನೊಂದು ದಾರಿ.

ಮಗನ ಮೊಬೈಲಿನಲ್ಲಿ ‘ಐಡಿ’, ‘ಬುಕ್ ಸೆಟ್’, ‘ಲಾಸ್ ಕವರ್’ ಎಂಬ ಮಾತುಗಳಿವೆ. ಚಿಂತಿಸಬೇಕೆ?

ಐಡಿ ಎಂದರೆ ಬೆಟ್ಟಿಂಗ್ ಜಾಲತಾಣದ ಖಾತೆ, ಏಜೆಂಟರು ಕೊಡುವುದು. ಬುಕ್ ಸೆಟ್ ಎಂದರೆ ಎರಡೂ ಕಡೆ ಕಟ್ಟಿ, ಯಾರು ಗೆದ್ದರೂ ನಷ್ಟವಾಗದಂತೆ ಮಾಡಿಕೊಂಡಿದ್ದೇನೆ ಎಂಬ ನಂಬಿಕೆ. ಬುಕ್ಕಿಯ ಪದವನ್ನು ಪಂಟರ್ ಎರವಲು ತಂದದ್ದು. ಈ ಎರಡು ಪದ ಕುತೂಹಲದಿಂದಲೂ ಬಂದಿರಬಹುದು. ಮೂರನೆಯದು ಹಾಗಲ್ಲ. ಕಳೆದದ್ದನ್ನು ಮರಳಿ ಪಡೆಯಲು ಇನ್ನಷ್ಟು ಕಟ್ಟುವುದಕ್ಕೆ ಲಾಸ್ ಕವರ್ ಎನ್ನುತ್ತಾರೆ. ಆ ಪದ ಕಂಡ ದಿನ ಬೈಯುವುದನ್ನು ಮುಂದೂಡಿ, ಸಾಲ ಎಷ್ಟಾಗಿದೆ ಎಂದು ಮೊದಲು ಕೇಳಿ. ಪೇಟಿಯಲ್ಲಿ ಉತ್ತರ ಬಂದರೆ ರೂಪಾಯಿಯಲ್ಲಿ ಹೇಳಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಮತ್ತು ಆನ್‌ಲೈನ್ ಗೀಳಿಗೆಂದೇ ‘ಶಟ್’ ಎಂಬ ಕ್ಲಿನಿಕ್ ಇದೆ. ಊರಿನಿಂದಲೇ ಮಾತನಾಡಬೇಕಾದರೆ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಕನ್ನಡದಲ್ಲೇ ಮಾತನಾಡಬಹುದು.